ಗಿಟಾರು ಹಿಡಿದ ಶರೀಫಜ್ಜನ ಪದ

ಮಳೆ ಹಿಡಿದ ಮೂರನೆಯ ದಿನ ಮಾಳಿಗಿ ಸೋರತೊಡಗಿದರೆ ಮನೆಯ ಗಂಡಸರಿಗಿಂತ ಮೊದಲು ಗೊತ್ತಾಗುವುದು ನಮಗೇ, ಅಲ್ಲವೇ? ಒಲೆಯ ಹತ್ತಿರ ಒಂದು ಪಾತೇಲಿ, ಹಾಸಿಗೆಯ ಬದಿಗೆ ಒಂದು ಪರಾತ, ದೇವರ ಜಗಲಿಯ ಮುಂದೆ ಒಂದು ತಂಬಿಗಿ, ಹೀಗೆ ಹನಿ ಬಿದ್ದಲ್ಲೆಲ್ಲ ಇಟ್ಟುಕೊಂಡು ಹೋಗುವುದು ಹೆಂಗಸರ ಪಾಲಿನ ಕೆಲಸ. ಅಥಣಿ, ರಾಯಬಾಗ, ಕಾಗವಾಡದ ಕಡೆ ಈಗ ಮಣ್ಣಿನ ಮಾಳಿಗಿ ಕಡಿಮೆಯಾಗಿ ಸ್ಲ್ಯಾಬಿನ ಮನೆಗಳು ಎದ್ದಿವೆ. ಆದರೂ ಸೋರುವ ಮಾಳಿಗಿಯ ಮೇಲೆ ಶಿಶುನಾಳದ ಶರೀಫಜ್ಜ ಕಟ್ಟಿದ ಪದ ಭಜನಿಯಲ್ಲಿ ಉಳಿದುಕೊಂಡಿದೆ. ಸೋರುವುದು ಮಣ್ಣಿನ ಮಾಳಿಗಿಯಲ್ಲ, ಅಜ್ಞಾನ ತುಂಬಿದ ಈ ದೇಹವೆಂಬ ಮನೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಪದ 2008ರಲ್ಲಿ ಗಿಟಾರು, ಡ್ರಮ್ಮು, ಪಿಟೀಲುಗಳ ಜೊತೆಗೆ ಹೊಸದೊಂದು ಆಲ್ಬಮ್ಮಿನಲ್ಲಿ ಬಂತು. ಹಾಡಿದವರು ರಘು ದೀಕ್ಷಿತ್. ನಿಮ್ಮ ಮಗನೋ ಮಗಳೋ ಕಿವಿಗೆ ವಯರು ಸಿಕ್ಕಿಸಿಕೊಂಡು ತಲೆ ಕುಣಿಸುತ್ತಿದ್ದರೆ ಒಮ್ಮೆ ಕಸಿದು ಕೇಳಿ ನೋಡಿ. ನಮ್ಮ ಶರೀಫಜ್ಜನೇ ಅಲ್ಲಿ ಕೂತಿರಬಹುದು!

ರಾಕ್ ಬ್ಯಾಂಡ್ ಎಂದರೆ ಏನೋ ಗದ್ದಲ ಎಂದು ಹೆದರಬೇಡಿ. ಅದೂ ಒಂದು ಮ್ಯಾಳವೇ. ಶ್ರಾವಣದ ಸೋಮವಾರ ನಮ್ಮ ಗುಡಿಗಳಲ್ಲಿ ಕೂಡುವ ಭಜನಿ ಮ್ಯಾಳದಲ್ಲಿ ಒಬ್ಬರು ಪದ ಎತ್ತಿಕೊಳ್ಳುತ್ತಾರೆ, ಉಳಿದವರು ಹಿಂದೆ ದನಿಗೂಡಿಸುತ್ತಾರೆ, ದಮ್ಮಡಿ ತಾಳ ನಡೆಸಿಕೊಂಡು ಹೋಗುತ್ತವೆ. ಅಲ್ಲಿ ದಮ್ಮಡಿಯ ಜಾಗದಲ್ಲಿ ಡ್ರಮ್ಮು, ಏಕತಾರಿಯ ಜಾಗದಲ್ಲಿ ಗಿಟಾರು, ಅಷ್ಟೇ. ಇಂಥ ಮ್ಯಾಳ ಒಡೆದಾಗ ಪದ ಎತ್ತಿಕೊಳ್ಳುತ್ತಿದ್ದವನು ಏನು ಮಾಡಬೇಕು? ಸುಮ್ಮನೆ ಕೂಡಬೇಕೋ, ಒಬ್ಬನೇ ಹಾಡಬೇಕೋ? ರಘು ಅವರಿಗೆ ಎದುರಾದದ್ದು ಈ ಪ್ರಶ್ನೆಯೇ.

ಅವರು ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಹುಡುಗನಾಗಿದ್ದಾಗಲೇ ಭರತನಾಟ್ಯ ಕಲಿತವರು. ಗಂಡು ಹುಡುಗ ಗೆಜ್ಜೆ ಕಟ್ಟಿ ಕುಣಿಯುವುದೇ ಎಂದು ಕಾಲೇಜಿನಲ್ಲಿ ಗೆಳೆಯನೊಬ್ಬ ಹಂಗಿಸಿದ, ಎರಡು ತಿಂಗಳಲ್ಲಿ ಗಿಟಾರು ನುಡಿಸಿ ತೋರಿಸು ನೋಡೋಣ ಎಂದು ಪಂಥ ಬೇರೆ ಕಟ್ಟಿದ. ಹಟಕ್ಕೆ ಬಿದ್ದ ಈ ಹುಡುಗ ಹೋಗಿ ಕಲಿತದ್ದು ಯಾರ ಹತ್ತಿರ ಗೊತ್ತೇ? ಕ್ರೈಸ್ತ ಪಾದ್ರಿಗಳಾಗಲು ಓದುತ್ತಿದ್ದ ತರುಣರ ಹತ್ತಿರ. ಓದಿನಲ್ಲಿ ಏನೂ ಹಿಂದೆ ಬೀಳಲಿಲ್ಲ ಎನ್ನಿ. ಮೈಸೂರು ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ! ಆಮೇಲೆ ಬೆಲ್ಜಿಯಂ ದೇಶದಲ್ಲಿ ಔಷಧದ ಕಂಪನಿಯೊಂದರ ನೌಕರಿ. ಅಲ್ಲಿಯ ರೇಡಿಯೋದಲ್ಲಿ ಒಮ್ಮೆ ಹಾಡಿದ ಮೇಲೆ ಮನಸ್ಸು ಪೂರ್ತಿ ಹಾಡಿನ ಕಡೆಗೇ ತಿರುಗಿತು. ನೌಕರಿ ಬಿಟ್ಟು ಊರಿಗೆ ಬಂದರು.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ಚಿನ್ನದ ಪದಕದ ಮಗ, ಪರದೇಶದ ಸಂಬಳ, ಅದನ್ನು ಬಿಟ್ಟು "ಅವ್ವಾ, ನಾ ಹಾಡಾವ" ಎಂದು ನಿಮ್ಮ ಪಡಸಾಲೆಯಲ್ಲಿ ಬಂದು ನಿಂತರೆ ನೀವು ಏನಂತೀರಿ? ಹೌದ್ರೀ, ನಗುಬ್ಯಾಡ್ರಿ. ಬೆಳಗಾವಿಗೋ ಪುಣೆಗೋ ಓದಲು ಕಳಿಸಿದ ಮಕ್ಕಳು ಯಾವ ದಿನ ಹೀಗೆ ಬಂದು ನಿಲ್ಲುತ್ತಾರೋ ಹೇಳಲಾಗದು. ಹೋಗಪ್ಪಾ ಎಂದು ಹುರುಪು ಕೊಡುವುದು ಸುಲಭ, ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಉದ್ರಿ ತೀರಿಸುವವರು ಯಾರು ಎಂಬುದೂ ತಾಯಿಯ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದು ತಪ್ಪಲ್ಲ. ರಘು ಅವರ ಕಥೆಯಲ್ಲೂ ಗೆಲುವು ಬೇಗ ಬರಲಿಲ್ಲ.

ಬೆಂಗಳೂರಿನಲ್ಲಿ ಅವರು ಕಟ್ಟಿದ ತಂಡದ ಹೆಸರು 'ಅಂತರಾಗ್ನಿ'. ಕೆಲವು ವರ್ಷ ಚೆನ್ನಾಗಿ ನಡೆದು ಆ ತಂಡ ಒಡೆಯಿತು. ಹಾಡುಗಳನ್ನು ಹಿಡಿದುಕೊಂಡು ಹೋದರೆ ಮುಂಬೈಯ ಕ್ಯಾಸೆಟ್, ಸೀಡಿ ಕಂಪನಿಗಳು ವರ್ಷಗಟ್ಟಲೆ ಒಲ್ಲೆ ಎಂದವು. ಕೊನೆಗೆ ಹಿಂದಿ ಸಿನೆಮಾಗಳ ಸಂಗೀತ ಜೋಡಿ ವಿಶಾಲ್ ಮತ್ತು ಶೇಖರ್ ಮುಂಬೈಯ ಒಂದು ಕಾರ್ಯಕ್ರಮದಲ್ಲಿ ಇವರ ಹಾಡು ಕೇಳಿ, ತಮ್ಮದೇ ಹೊಸ ಸಂಸ್ಥೆಯಿಂದ ಆಲ್ಬಮ್ ಹೊರತಂದರು. ಹೆಸರು 'ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ತಂಡ ಹೋದರೂ ಅದರ ಹೆಸರು ಬಿಡಲಿಲ್ಲ ನೋಡಿ! ಅಣ್ಣತಮ್ಮಂದಿರು ಪಾಲಾದ ಮೇಲೂ ಬಾಗಿಲ ಮೇಲೆ ಹಳೆಯ ಮನೆತನದ ಹೆಸರನ್ನೇ ಬರೆಸಿದ ಹಾಗೆ.

ಆ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷಿನದೂ ಇದೆ. ನಡುವೆ ಕನ್ನಡದ ಎರಡು ಪದ, ಎರಡೂ ಶರೀಫರವು. ಒಂದು ಮಾಳಿಗಿಯದು, ಇನ್ನೊಂದು ಗುಡಗುಡಿಯದು. ಸಂಚಿ ಬಿಚ್ಚುವುದು, ಕೊಚ್ಚುವುದು, ಚಿಲುಮೆ ತುಂಬುವುದು, ಬೆಂಕಿ ಹಚ್ಚುವುದು ಇವೆಲ್ಲ ನಿಪ್ಪಾಣಿಯ ತಂಬಾಕಿನ ಸೀಮೆಯವರಿಗೆ ಹೊಸ ಮಾತೇ? ಆದರೆ ಶರೀಫರ ಗುಡಗುಡಿಯಲ್ಲಿ ಸಂಚಿ ಎಂದರೆ ಮನಸ್ಸು, ಕೊಚ್ಚಬೇಕಾದದ್ದು ಮೋಹ. ರಘು ಅವರ ದನಿಯಲ್ಲಿ ಈ ಪದ ಕೇಳುವಾಗ ಕಾಲು ತಾನಾಗಿಯೇ ತಾಳ ಹಾಕುತ್ತದೆ. ಅರ್ಥ ಮರೆತು ಬರೀ ಕುಣಿದುಬಿಡುವ ಅಪಾಯವೂ ಅಲ್ಲೇ ಇದೆ. ನನಗೇನೋ ಮಾಳಿಗಿಯ ಪದವೇ ಹೆಚ್ಚು ಹಿಡಿಸಿತು.

"ನಮ್ಮ ಪದಾ ಕೆಡಿಸ್ಯಾರ" ಎನ್ನುವ ಹಿರಿಯರೂ ಇದ್ದಾರೆ. ಅವರ ನೋವು ಸುಳ್ಳಲ್ಲ. ಆದರೆ ಶರೀಫರ ಪದ ಒಂದೇ ಧಾಟಿಯಲ್ಲಿ ನಿಂತದ್ದು ಯಾವಾಗ? ಮುಸ್ಲಿಂ ಮನೆಯಲ್ಲಿ 1819ರಲ್ಲಿ ಹುಟ್ಟಿ, ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, 1889ರಲ್ಲಿ ಕಣ್ಣು ಮುಚ್ಚಿದ ಈ ಸಂತ ಭಜನಿಗೂ ಪದ ಕಟ್ಟಿದರು, ಮೊಹರಮ್ಮಿನ ಹೆಜ್ಜೆ ಕುಣಿತಕ್ಕೂ ಕಟ್ಟಿದರು. ಮುಂದೆ ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳು ಮನೆಮನೆಗೆ ಬಂದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನೆಮಾ ಬಂತು, ಅದರ ಸಂಗೀತವೂ ಅಶ್ವತ್ಥರದೇ. ಭಜನಿಯವರ ಧಾಟಿ ಬೇರೆ, ಅಶ್ವತ್ಥರ ಧಾಟಿ ಬೇರೆ. ಈಗ ರಘು ಅವರದು ಮತ್ತೊಂದು. ಬಡಿಸುವ ತಾಟು ಬದಲಾಯಿತೆಂದು ಹೋಳಿಗಿಯ ರುಚಿ ಕೆಡುವುದಿಲ್ಲ, ಹೂರಣ ಸರಿಯಾಗಿದ್ದರೆ!

ಹೊರಗಿನ ಜಗತ್ತಿಗೂ ಈ ಹೂರಣ ಹಿಡಿಸಿತು. 2010ರಲ್ಲಿ ಬಿಬಿಸಿ ಟಿವಿಯ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಅವರು ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ವೇದಿಕೆಯ ಮೇಲೆ ಸೂಟುಬೂಟು ಇಲ್ಲ. ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಕಾಲೇಜಿನಲ್ಲಿ ನಗೆಗೀಡಾದ ಅದೇ ಗೆಜ್ಜೆ!

ಇಷ್ಟೆಲ್ಲ ಆದರೂ ಆಲ್ಬಮ್ಮಿಗೆ ಸಿಗದ ಒಂದು ಸಂಗತಿ ನಿಮ್ಮ ಮನೆಯಲ್ಲಿದೆ. ರೆಕಾರ್ಡಿನಲ್ಲಿ ಬಂದದ್ದು ಶರೀಫರ ಎರಡೇ ಪದ. ನಿಮ್ಮ ಅತ್ತೆಗೆ, ಓಣಿಯ ಹಿರಿಯ ಆಯಿಗೆ ಎಷ್ಟು ಪದ ಬಾಯಿಗೆ ಬರುತ್ತವೆ, ಕೇಳಿದ್ದೀರಾ? ಚಿಕ್ಕೋಡಿಯ ಕಡೆಯ ಮನೆಗಳಲ್ಲಿ ಕನ್ನಡದ ತತ್ವಪದವೂ ಮರಾಠಿಯ ಅಭಂಗವೂ ಒಂದೇ ಬಾಯಲ್ಲಿ ಬರುವುದುಂಟು. ಹುಡುಗರ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದಿಡಿ, ಫೋನಿನಲ್ಲಿ ಅವರ ದನಿಯನ್ನೂ ಹಿಡಿದಿಡಿ. ಪದ ಮಧ್ಯದಲ್ಲಿ ಮರೆತರೆ ಅವಸರ ಮಾಡಬೇಡಿ, ಮೊದಲಿನಿಂದ ಹಾಡಲು ಹೇಳಿ, ತಾನೇ ನೆನಪಾಗುತ್ತದೆ.

ಇನ್ನು ಆಲ್ಬಮ್ ಕೇಳಬೇಕೆಂದರೆ ಮಕ್ಕಳಿಗೆ ರಘು ದೀಕ್ಷಿತ್, ಶರೀಫ ಎಂದು ಹೇಳಿ, ಫೋನಿನಲ್ಲಿ ಹುಡುಕಿ ಕೊಡುತ್ತಾರೆ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಾತ್ರ ಬೇಡ. ಆ ಸಪ್ಪಳದಲ್ಲಿ ಪಿಟೀಲು ಕೇಳಿಸುವುದಿಲ್ಲ. ಊಟ ಮುಗಿದು ಬಾಂಡೆ ತೊಳೆದಿಟ್ಟ ಮೇಲೆ, ಅತ್ತೆಯವರನ್ನೂ ಹತ್ತಿರ ಕೂಡಿಸಿಕೊಂಡು ಹಚ್ಚಿ. ಅವರು ಏನಂದರೆಂದು ನಮಗೂ ಬರೆದು ತಿಳಿಸಿ.