ಬೂಷ್ಟು ತಡೆಯುವ ವಾರ್ನಿಶ್ಶಿಗೆ ಯಾವ ಪರೀಕ್ಷೆ?

ಡಬ್ಬದ ಮೇಲೆ ‘ಆ್ಯಂಟಿ ಫಂಗಲ್’ ಎಂದಿದ್ದ ವಾರ್ನಿಶ್ಶನ್ನೇ ಹೊಡೆಸಿದರೂ ಎರಡನೇ ಮಳೆಗಾಲಕ್ಕೆ ದಾರಂದದ ಬುಡದಲ್ಲಿ ಕಪ್ಪು ಚುಕ್ಕೆ ಎದ್ದದ್ದೇಕೆ ಎಂಬುದು ಹುಲಿಯೂರುದುರ್ಗದ ಓದುಗರೊಬ್ಬರ ಪ್ರಶ್ನೆ. ಆಗುಂಬೆಯ ದೂರು ಕುಣಿಗಲ್ ಸೀಮೆಯಿಂದ ಬಂತಲ್ಲ ಎಂದು ನಗಬೇಕಿಲ್ಲ. ಬೂಷ್ಟು ವರ್ಷದ ಮಳೆಯ ಲೆಕ್ಕ ನೋಡುವುದಿಲ್ಲ. ಮರದ ಮೈ ಸೋಕುವ ಗಾಳಿಯ ತೇವ ಶೇ. 80 ದಾಟಿ ಕೆಲವು ವಾರ ನಿಂತರೆ ಸಾಕು. ಹಸ್ತ, ಚಿತ್ತೆ ಮಳೆ ಹಿಡಿದುಕೊಂಡಾಗ ಬಯಲುಸೀಮೆಯ ಬಾಗಿಲಿಗೂ ಅಷ್ಟು ಸಿಗುತ್ತದೆ. ಅಗಸೆ ಎಣ್ಣೆ ಬಳಿದ ಮರವಂತೂ ಬೂಷ್ಟಿಗೆ ಹಬ್ಬದೂಟ.

ಡಬ್ಬದ ಮಾತು ಸುಳ್ಳಲ್ಲ. ಯಾವ ಪರೀಕ್ಷೆಯಲ್ಲಿ ಪಾಸಾಯಿತು ಎಂಬುದನ್ನು ಹೇಳುವುದಿಲ್ಲ, ಅಷ್ಟೆ. ಅಗ್ಗದ ಪರೀಕ್ಷೆಯಲ್ಲಿ ಬಣ್ಣ ಬಳಿದ ಕಾಗದದ ಚೂರನ್ನು ಅಗರ್ ತಟ್ಟೆಯ ನಡುವೆ ಇಟ್ಟು, ಆಸ್ಪರ್ಜಿಲಸ್ ನೈಗರ್‌ನಂಥ ಶಿಲೀಂಧ್ರದ ಬೀಜಕಣ ಚಿಮುಕಿಸಿ ಬೆಚ್ಚಗಿಡುತ್ತಾರೆ. ತಟ್ಟೆಯೆಲ್ಲ ಮಸಿ ಚೆಲ್ಲಿದಂತಾಗಿ ಚೂರಿನ ಸುತ್ತ ಮಾತ್ರ ಖಾಲಿ ಉಂಗುರ ಉಳಿದರೆ ಫೋಟೊ ಸೀದಾ ಜಾಹೀರಾತಿಗೆ. ಆದರೆ ಆ ಉಂಗುರ ಮೂಡುವುದು ಐಪಿಬಿಸಿಯೋ ಓಐಟಿಯೋ, ಬೆರೆಸಿದ ಮದ್ದು ಬಣ್ಣದಿಂದ ಇಳಿದು ಅಗರ್‌ನ ನೀರಿಗೆ ಸೇರುವುದರಿಂದ. ತಟ್ಟೆಯಲ್ಲಿ ಇಳಿದದ್ದು ಬಾಗಿಲಲ್ಲೂ ಮಳೆನೀರಿನ ಜೊತೆ ಇಳಿದೇ ಇಳಿಯುತ್ತದೆ. ದೊಡ್ಡ ಉಂಗುರ ಕಂಡರೆ ಹಿಗ್ಗುವ ಬದಲು ಅನುಮಾನಪಡಬೇಕು. ಇದಕ್ಕಿಂತ ಕಟುವಾದದ್ದು ಅಮೆರಿಕದ ಎಎಸ್‌ಟಿಎಂ ಡಿ 3273: ಬೀಜಕಣ ಬೆರೆಸಿದ ಮಣ್ಣಿನ ಮೇಲೆ, 32.5 ಡಿಗ್ರಿ ಸೆಲ್ಸಿಯಸ್‌ನ ಹಬೆಯಾಡುವ ಪೆಟ್ಟಿಗೆಯಲ್ಲಿ ಬಣ್ಣದ ಹಲಗೆಗಳನ್ನು ನಾಲ್ಕು ವಾರ ತೂಗುಹಾಕಿ ಹತ್ತಕ್ಕೆ ಅಂಕ ಕೊಡುತ್ತಾರೆ. ಅದು ಮನೆಯೊಳಗಿನ ಬಣ್ಣಕ್ಕೆಂದೇ ಮಾಡಿದ್ದು. ಬಿಸಿಲೂ ಇಲ್ಲ, ಮಳೆಯೂ ಇಲ್ಲ.

ಇಳಿಯದ ಮದ್ದನ್ನೇ ಹಾಕಬಾರದೇ ಎನ್ನಬಹುದು. ಅದನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಠಿ ಕಾಮೇಶಂ 1933ರಲ್ಲೇ ಸಾಧಿಸಿದ್ದರು. ಅವರ ಮಿಶ್ರಣದಲ್ಲಿ ತಾಮ್ರ, ಆರ್ಸೆನಿಕ್‌ಗಳನ್ನು ಮರದ ನಾರಿಗೆ ಕಚ್ಚಿಸುವುದು ಕ್ರೋಮಿಯಂ. ಲೋಕದ ಎಷ್ಟೋ ಕರೆಂಟು ಕಂಬಗಳು ದಶಕಗಟ್ಟಲೆ ಬಾಳಿದ್ದು ಇದರಿಂದ. ಆರ್ಸೆನಿಕ್‌ನ ಭಯಕ್ಕೆ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದು ನಿಂತಿತು. ಆ ಮಾತು ಬಿಟ್ಟರೂ, ಗೆದ್ದಲು, ಕೊಳೆ ತಡೆಯುವ ಅದೇ ಮರದ ಮೈಮೇಲೆ ಬೂಷ್ಟು ಬೆಳೆಯಬಲ್ಲದು: ಕರಗಿ ಹೊರಬರದ ಮದ್ದು ಬೀಜಕಣಕ್ಕೆ ತಾಗುವುದೆಂತು? ಆದ್ದರಿಂದ ವಾರ್ನಿಶ್ಶಿನ ಮದ್ದು ಇಳಿಯಲೇಬೇಕು, ಆದರೆ ಜಿಪುಣನ ಕೈಯಿಂದ ಕಾಸು ಇಳಿದಂತೆ. ಅದನ್ನು ಸೂಕ್ಷ್ಮ ಕವಚದೊಳಗೆ ತುಂಬುವ ಪ್ರಯತ್ನದ ಗುರಿಯೂ ಇದೇ. ಎಷ್ಟು ಉಳಿಯಿತೆಂದು ತಿಳಿಯಲು ಹಲಗೆಯನ್ನು ಮೊದಲು ತಿಂಗಳುಗಟ್ಟಲೆ ಬಿಸಿಲು ಮಳೆಗೊಡ್ಡಿ, ಆಮೇಲೆ ಬೀಜಕಣ ಚಿಮುಕಿಸಬೇಕು. ಮುಂದಿನ ಸಲ ಅಂಗಡಿಯಲ್ಲಿ ಅಂಥ ವರದಿ ಇದೆಯೇ ಕೇಳಿ. ದಾರಂದದ ಬುಡದ ಕೊಯ್ದ ತುದಿ ಎಲ್ಲಕ್ಕಿಂತ ಹೆಚ್ಚು ನೀರು ಹೀರುತ್ತದೆ. ಸಂದು ಸಿಕ್ಕರೆ ಅಲ್ಲಿಗೆ ಇನ್ನೆರಡು ಕೋಟು ಹೊಡೆಸಿ.