ವೋಲ್ಟ್ರಿಯ ಗುಜರಿ

ಶಿಲ್ಪವೆಂದರೆ ಕಲ್ಲನ್ನು ಕಡೆಯಬೇಕು, ಇಲ್ಲವೇ ಲೋಹವನ್ನು ಎರಕ ಹೊಯ್ಯಬೇಕು ಎಂಬ ನಂಬಿಕೆ ಕಳೆದ ಶತಮಾನದ ಆರಂಭದವರೆಗೂ ಗಟ್ಟಿಯಾಗಿಯೇ ಇತ್ತು. ಅದನ್ನು ಸಡಿಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಗ್ಯಾಸ್ ವೆಲ್ಡಿಂಗಿಗೆ ಸಲ್ಲಬೇಕು. ಆಮ್ಲಜನಕ ಮತ್ತು ಅಸಿಟಲೀನ್ ಸೇರಿ ಉರಿಯುವ ಜ್ವಾಲೆಯ ಬಿಸಿ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗಲು 1,538 ಸಾಕು. ಅಚ್ಚು ಬೇಡ, ಮೇಣ ಬೇಡ. ಎರಡು ತುಂಡುಗಳ ಅಂಚು ಕರಗಿಸಿದರೆ ಬೆಸುಗೆ ಕೂಡಿತು. ಸ್ಪೇನಿನ ಹೂಲಿಯೊ ಗೊನ್ಸಾಲೆಸ್ ಈ ಕೆಲಸ ಕಲಿತದ್ದು ಕಲಾಶಾಲೆಯಲ್ಲಲ್ಲ, 1918ರಲ್ಲಿ ಪ್ಯಾರಿಸ್ ಬಳಿಯ ರೆನೋ ಕಾರ್ಖಾನೆಯಲ್ಲಿ. ಹತ್ತು ವರ್ಷದ ನಂತರ ಪಿಕಾಸೊನ ಲೋಹಶಿಲ್ಪಗಳಿಗೆ ಕೈಜೋಡಿಸಿದವನೂ ಅವನೇ.

ಆ ಇಬ್ಬರ ಕೃತಿಗಳ ಫೋಟೊಗಳನ್ನು ಪತ್ರಿಕೆಯೊಂದರಲ್ಲಿ ಕಂಡು ಕಬ್ಬಿಣದತ್ತ ಹೊರಳಿದವನು ಅಮೆರಿಕದ ಡೇವಿಡ್ ಸ್ಮಿತ್. ಅವನಿಗೆ ಕಾರ್ಖಾನೆ ಹೊಸತಲ್ಲ. 1925ರ ಬೇಸಿಗೆಯಲ್ಲಿ ಸ್ಟುಡಿಬೇಕರ್ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ; ಎರಡನೆಯ ಮಹಾಯುದ್ಧದ ಕಾಲಕ್ಕೆ ಸ್ಕೆನೆಕ್ಟಡಿಯ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ.

ಬಿಸಾಡಿದ ವಸ್ತುಗಳಿಂದ ಶಿಲ್ಪ ಎಂದೊಡನೆ ಎಲ್ಲರೂ ಹೇಳುವುದು ಪಿಕಾಸೊ 1942ರಲ್ಲಿ ಸೈಕಲ್ ಸೀಟು ಮತ್ತು ಹ್ಯಾಂಡಲ್ ಜೋಡಿಸಿ ಮಾಡಿದ ಗೂಳಿಯ ತಲೆ. ಜಾಣತನದ ಕೆಲಸ, ನಿಜ. ಆದರೆ ಗೂಳಿ ಎಂದು ಗುರುತು ಹತ್ತಿದ ಕೂಡಲೇ ನೋಡುವ ಕೆಲಸ ಬಹುಪಾಲು ಮುಗಿದುಹೋಗುತ್ತದೆ. ಸ್ಮಿತ್ ಹಿಡಿದ ದಾರಿ ಇದಕ್ಕಿಂತ ಕಷ್ಟದ್ದು. ಇಕ್ಕಳ ಇಕ್ಕಳವಾಗಿಯೇ ಕಾಣಬೇಕು, ಆದರೂ ಅದು ಏನನ್ನೂ ಹಿಡಿಯಬಾರದು, ಯಾವುದರ ಹಾಗೂ ಕಾಣಬಾರದು.

ಈ ಹಟ ಪೂರ್ತಿ ಕೈಗೂಡಿದ್ದು 1962ರಲ್ಲಿ. ಇಟಲಿಯ ಸ್ಪೊಲೆಟೊ ಉತ್ಸವಕ್ಕೆ ಒಂದೆರಡು ಶಿಲ್ಪ ಮಾಡಿಕೊಡಿ ಎಂಬ ಆಹ್ವಾನ ಬಂತು. ಇಟಾಲ್‌ಸಿಡರ್ ಎಂಬ ಉಕ್ಕಿನ ಕಂಪನಿ ಜಿನೋವಾ ಬಳಿಯ ವೋಲ್ಟ್ರಿಯಲ್ಲಿ ಮುಚ್ಚಿಹೋಗಿದ್ದ ತನ್ನ ಕಾರ್ಖಾನೆಯನ್ನೇ ಬಿಟ್ಟುಕೊಟ್ಟಿತು, ಜತೆಗೆ ಕೆಲಸಗಾರರನ್ನೂ ಕೊಟ್ಟಿತು. ಕುಲುಮೆಯವರು ಬಿಟ್ಟುಹೋದ ಇಕ್ಕಳ, ಸ್ಪ್ಯಾನರ್, ಗಾಲಿ, ಕೆಲಸದ ಮೇಜು, ತಗಡಿನ ಕತ್ತರಿಸಿದ ಅಂಚು ಎಲ್ಲವೂ ಅಲ್ಲೇ ಬಿದ್ದಿದ್ದವು. ಗುಜರಿಯವನು ತೂಕಕ್ಕೆ ಹಾಕುವ ಮಾಲು. ಸ್ಮಿತ್ ಮೂವತ್ತು ದಿನಗಳಲ್ಲಿ 27 ಶಿಲ್ಪ ನಿಲ್ಲಿಸಿದ. ಅವುಗಳಲ್ಲಿ ಬಹಳಷ್ಟು ಸ್ಪೊಲೆಟೊದ ಪ್ರಾಚೀನ ರೋಮನ್ ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ಮೇಲೆ ಪ್ರದರ್ಶನಗೊಂಡವು.

ಅವುಗಳಲ್ಲಿ ಒಂದನ್ನು, ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ವೋಲ್ಟ್ರಿ 7’ ಅನ್ನು, ನಿಧಾನವಾಗಿ ನೋಡಬೇಕು. ಗಾಲಿಗಳ ಮೇಲೆ ಉದ್ದನೆಯ ಅಡ್ಡಪಟ್ಟಿ. ಅದರ ಮೇಲೆ ಸಾಲಾಗಿ ನಿಂತ ಐದು ಉಕ್ಕಿನ ಸರಳುಗಳು, ಕಾದಿದ್ದಾಗ ಬಡಿದು ಬಾಗಿಸಿದವು, ಒಂದರಂತೆ ಇನ್ನೊಂದಿಲ್ಲ. ನೋಡಿದವರೆಲ್ಲ ರಥದಲ್ಲಿ ಹೊರಟ ಐವರು ಎಂದುಕೊಳ್ಳುತ್ತಾರೆ. ತೇರು ಎಳೆಯುವ ಊರಿನಿಂದ ಬಂದ ನಮಗಂತೂ ಹಾಗೆ ಅನ್ನಿಸದಿದ್ದರೇ ಆಶ್ಚರ್ಯ. ಸ್ಮಿತ್ ಮಾತ್ರ ಒಪ್ಪಲಿಲ್ಲ. ಅವು ಮನುಷ್ಯರಲ್ಲ, ಕುಲುಮೆಯಲ್ಲಿ ಬಡಿದ ಉಕ್ಕು, ಅಷ್ಟೇ ಎಂಬುದು ಅವನ ವಾದ. ಅವನ ಮಾತು ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ. ನೆಟ್ಟಗೆ ನಿಂತದ್ದನ್ನು ಕಂಡರೆ ಕಣ್ಣು ಆಳನ್ನೇ ಹುಡುಕುತ್ತದೆ. ಅದನ್ನು ತಡೆಯಲು ಶಿಲ್ಪಿಯಿಂದಾಗದು.

ಅವನ ಇನ್ನೊಂದು ಆಸೆ ಕೈಗೂಡಲಿಲ್ಲ. ರೈಲಿನ ಚಪ್ಪಟೆ ಗೂಡ್ಸ್ ಬೋಗಿಯೊಂದು ಅಲ್ಲಿ ಸಿಕ್ಕಿತ್ತು. ಅದನ್ನೇ ಪೀಠ ಮಾಡಿ ಮೇಲೆ ಶಿಲ್ಪ ಕಟ್ಟುವ ಹಂಬಲವಿತ್ತು; ಸ್ಪೊಲೆಟೊ ದಾರಿಯ ಸುರಂಗಗಳೂ ಕಡಿಮೆ ಬಿದ್ದ ದಿನಗಳೂ ಸೇರಿ ಅದನ್ನು ತಡೆದವು. ಬೋಗಿ ಬಿಟ್ಟರೂ ಇಕ್ಕಳಗಳನ್ನು ಬಿಡಲಿಲ್ಲ. ಮಿಕ್ಕ ಉಪಕರಣಗಳನ್ನೂ ಚೂರುಗಳನ್ನೂ ಹಡಗಿಗೆ ಹಾಕಿಸಿ ನ್ಯೂಯಾರ್ಕ್ ರಾಜ್ಯದ ಬೋಲ್ಟನ್ ಲ್ಯಾಂಡಿಂಗಿನ ತನ್ನ ಶೆಡ್ಡಿಗೆ ತರಿಸಿಕೊಂಡ. 1962ರ ಕೊನೆಯಿಂದ ಮರುವರ್ಷದವರೆಗೆ ಆ ಸರಕಿನಿಂದ ಹುಟ್ಟಿದ್ದೇ ‘ವೋಲ್ಟ್ರಿ-ಬೋಲ್ಟನ್’ ಸರಣಿಯ 25 ಶಿಲ್ಪಗಳು.