ಲೈಟ್ ಉರೀತಿತ್ತು, ಮೈಕ್ರೋವೇವ್ ಸುಟ್ಟಿತ್ತು: ಒಂದು ಆರ್‌ವಿ ಕರೆಂಟಿನ ಕಥೆ



ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ನಮ್ಮ ಸೀನಿಯರ್ ಅಣ್ಣ ಒಬ್ಬರು ರಜೆಯಲ್ಲಿ ಗೆಳೆಯರ ಜೊತೆ ಒಂದು ಆರ್‌ವಿ ಬಾಡಿಗೆಗೆ ತಗೊಂಡು ಪ್ರವಾಸ ಹೋಗಿದ್ದರು. ಆರ್‌ವಿ ಅಂದ್ರೆ ಚಕ್ರದ ಮೇಲಿನ ಮನೆ. ಅಡುಗೆಮನೆ, ಹಾಸಿಗೆ, ಬಚ್ಚಲು, ಏಸಿ ಎಲ್ಲಾ ಒಳಗೇ ಇರುತ್ತೆ. ರಾತ್ರಿ ಅದನ್ನು ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ, ಅಲ್ಲಿ ನೆಟ್ಟಿರುವ ಕರೆಂಟ್ ಪೆಟ್ಟಿಗೆಗೆ ದಪ್ಪ ಕೇಬಲ್ ಸಿಕ್ಕಿಸಿದರೆ ಆಯ್ತು, ಮನೆಗೆ ಕರೆಂಟ್ ಬಂದ ಹಾಗೆ. ಆ ಪೆಟ್ಟಿಗೆಗೆ ಅಲ್ಲಿ ಪೆಡೆಸ್ಟಲ್ ಅಂತಾರೆ.

ಎರಡನೇ ರಾತ್ರಿ ಚಳಿ ಜಾಸ್ತಿ ಇತ್ತಂತೆ. ಹೀಟರ್ ಹಾಕಿದ್ದರು, ರೈಸ್ ಕುಕ್ಕರಿನಲ್ಲಿ ಅನ್ನ ಬಿಸಿಯಾಗಿರಲಿ ಅಂತ ‘ವಾರ್ಮ್’ನಲ್ಲಿ ಬಿಟ್ಟಿದ್ದರು. ಇದ್ದಕ್ಕಿದ್ದ ಹಾಗೆ ಹೀಟರ್ ತಣ್ಣಗಾಯಿತು. ಮೈಕ್ರೋವೇವಿನಿಂದ ಸುಟ್ಟ ವಾಸನೆ. ಕುಕ್ಕರಿನಲ್ಲಿದ್ದ ಅನ್ನ ಸೀಯೋಕೆ ಶುರುವಾಯಿತು. ಆದರೆ ಮೇಲಿನ ಲೈಟುಗಳು ಆರಾಮಾಗಿ ಉರೀತಾ ಇದ್ದವು, ಲ್ಯಾಪ್‌ಟಾಪ್ ಚಾರ್ಜರ್‌ಗೂ ಏನೂ ಆಗಿರಲಿಲ್ಲ. ಪೆಡೆಸ್ಟಲ್‌ಗೆ ಸಿಕ್ಕಿಸಿದ್ದ ಸರ್ಜ್ ಪ್ರೊಟೆಕ್ಟರ್ ಮಾತ್ರ ಕರಗಿ ಕಪ್ಪಾಗಿತ್ತು.

ಅಣ್ಣ ಓದಿದ್ದು ಸಿಎಸ್. ನಮ್ಮ ಗ್ರೂಪಿಗೆ ಫೋಟೋ ಹಾಕಿ, “ಮಳೆ ಇಲ್ಲ, ಮಿಂಚಿಲ್ಲ, ಸರ್ಜ್ ಎಲ್ಲಿಂದ ಬಂತು? ಇಇಇ ಮಕ್ಕಳೇ ಹೇಳ್ರಪ್ಪ” ಅಂದರು. ಬಾಡಿಗೆ ಕೊಟ್ಟವರು ಡೆಪಾಸಿಟ್ ಹಿಡಿದಿಟ್ಟುಕೊಂಡಿದ್ದರು, ಹಾಗಾಗಿ ಉತ್ತರ ಬೇಗ ಬೇಕಿತ್ತು. ನಾವು ಕೂತು ಲೆಕ್ಕ ಹಾಕಿದೆವು. ಅದೇ ಈ ಲೇಖನ.

ಮೊದಲು ಅಲ್ಲಿಯ ಕರೆಂಟ್ ಹೇಗಿರುತ್ತೆ?

ನಮ್ಮಲ್ಲಿ ಮನೆಗೆ ಒಂದು ಫೇಸ್, ಒಂದು ನ್ಯೂಟ್ರಲ್, 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 60 ಹರ್ಟ್ಜ್. ಮನೆಯ ಹೊರಗಿನ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಲ್ಲಿ 240 ವೋಲ್ಟ್ ಇರುತ್ತೆ, ಅದರ ನಟ್ಟನಡುವಿನಿಂದ ಒಂದು ತಂತಿ ತೆಗೆದಿರುತ್ತಾರೆ. ಅದೇ ನ್ಯೂಟ್ರಲ್. ಎರಡು ತುದಿಗಳೂ ಹಾಟ್. ಯಾವುದೇ ಹಾಟ್‌ನಿಂದ ನ್ಯೂಟ್ರಲ್‌ಗೆ 120 ವೋಲ್ಟ್, ಹಾಟ್‌ನಿಂದ ಹಾಟ್‌ಗೆ 240 ವೋಲ್ಟ್.

ಪೆಡೆಸ್ಟಲ್‌ನಲ್ಲಿ ಆರ್‌ವಿಗಳಿಗೆ ಮುಖ್ಯವಾಗಿ ಎರಡು ಬಗೆಯ ಸಾಕೆಟ್ ಇರುತ್ತವೆ. 30 ಆಂಪಿಯರ್‌ದಕ್ಕೆ ಮೂರು ಪಿನ್: ಒಂದು ಹಾಟ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್. ಒಟ್ಟು 3,600 ವ್ಯಾಟ್. 50 ಆಂಪಿಯರ್‌ದಕ್ಕೆ ನಾಲ್ಕು ಪಿನ್: ಎರಡು ಹಾಟ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್. ಪ್ರತಿ ಹಾಟ್‌ನಲ್ಲೂ 50 ಆಂಪಿಯರ್ ಸಿಗೋದರಿಂದ ಒಟ್ಟು 12,000 ವ್ಯಾಟ್. ಹೆಸರು ನೋಡಿ 30ಕ್ಕೂ 50ಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅನ್ಕೋಬೇಡಿ, ಮೂರು ಪಟ್ಟಿಗಿಂತ ಜಾಸ್ತಿ ಇದೆ.

ಅಣ್ಣನ ಗಾಡಿ 50 ಆಂಪಿಯರ್‌ದು. ಹೀಟರ್ ಒಂದು ಹಾಟ್‌ನ ಕಡೆ ಇತ್ತು, ಕುಕ್ಕರ್ ಮತ್ತು ಮೈಕ್ರೋವೇವ್ ಇನ್ನೊಂದರ ಕಡೆ.

ನ್ಯೂಟ್ರಲ್ ಬಿಟ್ಟರೆ ಏನಾಗುತ್ತೆ?

ಪೆಡೆಸ್ಟಲ್‌ನ ಸಾಕೆಟ್‌ಗೆ ವರ್ಷವಿಡೀ ಒಬ್ಬರಾದ ಮೇಲೆ ಒಬ್ಬರು ಪ್ಲಗ್ ಹಾಕ್ತಾ ತೆಗೀತಾ ಇರ್ತಾರೆ. ಬಿಸಿಲು, ಮಳೆ, ತುಕ್ಕು ಬೇರೆ. ಒಳಗಿನ ಕ್ಲಿಪ್ ಸಡಿಲಾಗುತ್ತೆ. ಹಾಗೆ ಆ ರಾತ್ರಿ ನ್ಯೂಟ್ರಲ್ ಸಂಪರ್ಕ ಕಡಿದುಹೋಯಿತು ಅಂತ ಇಟ್ಕೊಳ್ಳಿ.

ಈಗ ಎರಡು ಕಡೆಯ ಲೋಡ್‌ಗಳೂ 240 ವೋಲ್ಟ್‌ಗೆ ಸೀರೀಸ್‌ನಲ್ಲಿ ಕೂತ ಹಾಗಾಯ್ತು. ಹೀಟರ್ 1,500 ವ್ಯಾಟ್, ಅಂದರೆ ಅದರ ರೆಸಿಸ್ಟೆನ್ಸ್ 120 ವರ್ಗ ಭಾಗಿಸು 1,500, ಅಂದರೆ 9.6 ಓಮ್. ಇನ್ನೊಂದು ಕಡೆ ಕುಕ್ಕರಿನ ವಾರ್ಮ್, ಮೈಕ್ರೋವೇವಿನ ಗಡಿಯಾರ ಎಲ್ಲಾ ಸೇರಿ 100 ವ್ಯಾಟ್ ಅಂತ ಹಿಡಿದರೆ 144 ಓಮ್. ಲೆಕ್ಕ ಸುಲಭವಾಗಲಿ ಅಂತ ಎಲ್ಲವನ್ನೂ ಬರೀ ರೆಸಿಸ್ಟರ್ ಅಂತಲೇ ತಗೊಂಡಿದ್ದೇವೆ. ಒಟ್ಟು 153.6 ಓಮ್. ಕರೆಂಟ್ ಸುಮಾರು 1.56 ಆಂಪಿಯರ್. ಹೀಟರ್‌ಗೆ ಸಿಕ್ಕಿದ್ದು 15 ವೋಲ್ಟ್, ಆ ಕಡೆಗೆ ಸಿಕ್ಕಿದ್ದು 225 ವೋಲ್ಟ್!

ಅಣ್ಣ ಹೇಳಿದ ಒಂದೊಂದೂ ಇಲ್ಲಿ ಕೂತ್ಕೊಳ್ಳುತ್ತೆ ನೋಡಿ. 15 ವೋಲ್ಟ್‌ನಲ್ಲಿ ಹೀಟರ್ ತಣ್ಣಗಾಯಿತು. 120ರ ಜಾಗದಲ್ಲಿ 225 ಬಂದರೆ ಪವರ್ ವೋಲ್ಟೇಜಿನ ವರ್ಗದ ಪ್ರಕಾರ ಸುಮಾರು ಮೂರೂವರೆ ಪಟ್ಟು ಆಗುತ್ತೆ, ಅನ್ನ ಸೀದಿತು. ಮೈಕ್ರೋವೇವ್ 120 ವೋಲ್ಟ್‌ಗಷ್ಟೇ ಮಾಡಿದ್ದು, ಸುಟ್ಟಿತು. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತೆ, ಅದಕ್ಕೆ 225 ಏನೂ ಲೆಕ್ಕ ಅಲ್ಲ. ಇನ್ನು ಮೇಲಿನ ಲೈಟು? ಆರ್‌ವಿಯಲ್ಲಿ ಲೈಟುಗಳು ಸಾಮಾನ್ಯವಾಗಿ 12 ವೋಲ್ಟ್ ಡಿಸಿ, ಬ್ಯಾಟರಿಯಿಂದ ಉರಿಯುತ್ತವೆ. ಹಾಗಾಗಿ ಕರೆಂಟಿಗೆ ಏನೋ ಆಗಿದೆ ಅನ್ನೋದೇ ಇವರಿಗೆ ತಡವಾಗಿ ಗೊತ್ತಾಯಿತು.

ಇದು ನಮಗೆ ಹೊಸದೇನಲ್ಲ. ನಮ್ಮೂರುಗಳಲ್ಲಿ ಕಂಬದ ಮೇಲೆ ನ್ಯೂಟ್ರಲ್ ಕಟ್ ಆಗಿ ಒಂದೇ ಬೀದಿಯ ನಾಲ್ಕಾರು ಮನೆಗಳ ಟಿವಿ, ಫ್ರಿಜ್ ಒಟ್ಟಿಗೆ ಹೋಗೋದು ಇದೇ ಕಾರಣಕ್ಕೆ. ಅಲ್ಲಿ ಎರಡು ಹಾಟ್, ಇಲ್ಲಿ ಮೂರು ಫೇಸ್. ನ್ಯೂಟ್ರಲ್ ಹೋದರೆ ಕಡಿಮೆ ಲೋಡ್ ಇರುವವರ ಮನೆಗೇ ಜಾಸ್ತಿ ವೋಲ್ಟೇಜ್.

ಸರ್ಜ್ ಪ್ರೊಟೆಕ್ಟರ್ ಯಾಕೆ ಕಾಪಾಡಲಿಲ್ಲ?

ಇದು ಬಹಳ ಜನ ತಪ್ಪು ತಿಳಿಯೋ ಜಾಗ. ಸಾದಾ ಸರ್ಜ್ ಪ್ರೊಟೆಕ್ಟರ್ ಒಳಗೆ ಇರೋದು ಎಂಓವಿ ಅನ್ನೋ ಪುಟ್ಟ ಬಿಲ್ಲೆ. ವೋಲ್ಟೇಜ್ ಮಿತಿ ದಾಟಿದರೆ ಅದು ಕಂಡಕ್ಟ್ ಮಾಡಿ ಆ ಎನರ್ಜಿಯನ್ನು ತಾನು ನುಂಗುತ್ತೆ. ಮಿಂಚಿನಿಂದ ಬರುವ ಸ್ಪೈಕ್ ಇರೋದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ, ಅದನ್ನು ತಡೆದುಕೊಳ್ಳುತ್ತೆ. ಪೆಟ್ಟಿಗೆ ಮೇಲೆ 1,000 ಜೂಲ್ ಅಂತ ಬರೆದಿದ್ದರೆ ದೊಡ್ಡದು ಅನ್ನಿಸುತ್ತೆ. ಆದರೆ 1,000 ಜೂಲ್ ಅಂದರೆ ಒಂದು ಕಿಲೋವ್ಯಾಟ್ ಒಂದೇ ಒಂದು ಸೆಕೆಂಡ್ ಅಷ್ಟೇ. 225 ವೋಲ್ಟ್ ನಿಮಿಷಗಟ್ಟಲೆ ನಿಂತರೆ ಎಂಓವಿ ಕಾದು ಸಾಯುತ್ತೆ, ಹಿಂದಿರುವ ಸಾಮಾನು ಅನಾಥ ಆಗುತ್ತೆ. ವೋಲ್ಟೇಜ್ ಕಡಿಮೆಯಾದರಂತೂ ಅದು ಏನನ್ನೂ ಮಾಡಲ್ಲ.

ಬೇಕಾದದ್ದು ಇಎಂಎಸ್ ಅಂತ ಕರೆಯುವ ಪೆಟ್ಟಿಗೆ. ಇದರಲ್ಲಿ ಎಂಓವಿ ಜೊತೆಗೆ ವೋಲ್ಟೇಜ್ ಅಳೆಯುವ ಸರ್ಕ್ಯೂಟೂ, ಲೈನ್ ಕತ್ತರಿಸುವ ಕಾಂಟ್ಯಾಕ್ಟರೂ ಇರುತ್ತೆ. ಪ್ಲಗ್ ಹಾಕಿದ ಕೂಡಲೇ ಕರೆಂಟ್ ಒಳಗೆ ಬಿಡಲ್ಲ. ಮೊದಲು ಗ್ರೌಂಡ್ ಇದೆಯಾ, ಹಾಟ್-ನ್ಯೂಟ್ರಲ್ ಅದಲುಬದಲಾಗಿದೆಯಾ, ವೋಲ್ಟೇಜ್ ಸರಿ ಇದೆಯಾ ನೋಡುತ್ತೆ. ಎಲ್ಲಾ ಸರಿ ಇದ್ದರೆ ಒಂದೆರಡು ನಿಮಿಷ ಕಾಯ್ದು ಕನೆಕ್ಟ್ ಮಾಡುತ್ತೆ. ಆಮೇಲೂ ಕಾಯ್ತಾನೇ ಇರುತ್ತೆ. ಸಾಮಾನ್ಯವಾಗಿ 104 ವೋಲ್ಟ್‌ಗಿಂತ ಕೆಳಗೆ ಅಥವಾ 132 ವೋಲ್ಟ್‌ಗಿಂತ ಮೇಲೆ ಹೋದರೆ ಕಡಿದುಬಿಡುತ್ತೆ. ಅಣ್ಣನ ಹತ್ತಿರ ಇದು ಇದ್ದಿದ್ದರೆ ಆ ರಾತ್ರಿ ಬರೀ ಕತ್ತಲಲ್ಲ, ಬರೀ ಚಳಿ ಆಗಿರ್ತಿತ್ತು.

ಆ ಕಾಯುವಿಕೆ ಯಾಕೆ ಅಂದ್ರೆ, ಈಗಷ್ಟೇ ನಿಂತ ಏಸಿ ಕಂಪ್ರೆಸರ್‌ನ ಎರಡೂ ಬದಿಯ ಗ್ಯಾಸ್ ಪ್ರೆಶರ್ ಸಮ ಆಗೋಕೆ ಸಮಯ ಬೇಕು. ಅದಕ್ಕೆ ಮೊದಲೇ ಕರೆಂಟ್ ಕೊಟ್ಟರೆ ಮೋಟರ್ ತಿರುಗಲಾಗದೆ ತಡವರಿಸುತ್ತೆ. ನಮ್ಮನೆ ಫ್ರಿಜ್ ಸ್ಟೆಬಿಲೈಸರ್ ಟೈಮ್ ಡಿಲೇ ಕೊಡೋದೂ ಇದಕ್ಕೇ.

ಕಡಿಮೆ ವೋಲ್ಟೇಜ್ ಅಂದ್ರೆ ಕಡಿಮೆ ಅಪಾಯ ಅಲ್ಲ

ಬೇಸಿಗೆ ಮಧ್ಯಾಹ್ನ ಕ್ಯಾಂಪ್‌ಗ್ರೌಂಡ್ ತುಂಬಿರುತ್ತೆ, ಎಲ್ಲರ ಏಸಿಯೂ ಒಟ್ಟಿಗೆ ಓಡ್ತಿರುತ್ತೆ. ಉದ್ದ ಕೇಬಲ್‌ಗಳಲ್ಲಿ ವೋಲ್ಟೇಜ್ ಡ್ರಾಪ್ ಆಗಿ ಕೊನೇ ಸಾಲಿನವರಿಗೆ 105 ವೋಲ್ಟೇ ಸಿಗಬಹುದು. ಇಂಡಕ್ಷನ್ ಮೋಟರ್‌ನ ಸ್ಟಾರ್ಟಿಂಗ್ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತೆ ಅಂತ ಮೆಷಿನ್ಸ್ ಪೇಪರ್‌ಗೆ ಓದಿದ್ದು ನೆನಪಿದೆಯಾ? 104 ಭಾಗಿಸು 120, ಅದರ ವರ್ಗ ಸುಮಾರು 0.75. ಅಂದರೆ ಕಾಲು ಭಾಗ ಟಾರ್ಕ್ ಹೋಯ್ತು. ಕಂಪ್ರೆಸರ್ ಸ್ಟಾರ್ಟ್ ಆಗದೆ ಗುಂಯ್ ಅಂತ ನಿಂತರೆ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತೆ, ವೈಂಡಿಂಗ್ ಸುಡುತ್ತೆ. ಹಾಗಾಗಿ ಕರೆಂಟ್ ಮಂದ ಇದ್ದಾಗ ಏಸಿ ಆಫ್ ಮಾಡೋದೇ ಜಾಣತನ.

ಇನ್ನೊಂದು ಕಣ್ಣಿಗೆ ಕಾಣದ ಕಳ್ಳ, ಸಡಿಲ ಪಿನ್. ಪ್ಲಗ್ಗಿನ ಒಂದು ಪಿನ್ ಹತ್ತಿರ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 30 ಆಂಪಿಯರ್ ಹರಿದರೆ ಡ್ರಾಪ್ ಬರೀ 3 ವೋಲ್ಟ್, ಮೀಟರ್ ನೋಡಿದವರಿಗೆ ಏನೂ ಅನ್ನಿಸಲ್ಲ. ಆದರೆ ಅಲ್ಲಿ ಹುಟ್ಟೋ ಶಾಖ 90 ವ್ಯಾಟ್. ನಮ್ಮ ಲ್ಯಾಬಿನ 25 ವ್ಯಾಟಿನ ಸಾಲ್ಡರಿಂಗ್ ಐರನ್ ಮೂರೂವರೆಯಷ್ಟನ್ನು ಒಂದೇ ಪಿನ್ನಿಗೆ ಹಿಡಿದ ಹಾಗೆ. ಪ್ಲಗ್ ಕರಗದೆ ಇನ್ನೇನಾಗುತ್ತೆ? ಇದನ್ನು ಇಎಂಎಸ್ ಹಿಡೀದೇ ಇರಬಹುದು. ಸಾಕೆಟ್ ಕಪ್ಪಾಗಿದ್ದರೆ, ಪ್ಲಗ್ ಲೊಡಲೊಡ ಅಂದರೆ ಬೇರೆ ಜಾಗ ಕೊಡಿ ಅಂತ ಕೇಳಬೇಕು, ಅಷ್ಟೇ.

ಜುಮ್ ಅಂದರೆ ನಗಬೇಡಿ

ಮಾತಿನ ನಡುವೆ ಅಣ್ಣ ಇನ್ನೊಂದು ವಿಷಯ ಹೇಳಿದರು. ಮೊದಲನೇ ದಿನ, ಬೇರೆ ಜಾಗದಲ್ಲಿ, ಬೆಳಿಗ್ಗೆ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಗೆಳೆಯನಿಗೆ ಕೈ ಜುಮ್ ಅಂದಿತಂತೆ. ಎಲ್ಲರೂ ನಕ್ಕು ಸುಮ್ಮನಾದರಂತೆ. ಇದನ್ನು ಕೇಳಿ ನಾವು ಯಾರೂ ನಗಲಿಲ್ಲ.

ಆರ್‌ವಿ ನಿಂತಿರೋದು ರಬ್ಬರ್ ಟೈರ್ ಮೇಲೆ. ಗ್ರೌಂಡ್ ತಂತಿ ಕಡಿದುಹೋಗಿದ್ದರೆ ಅದರ ಲೋಹದ ಮೈ ಎಲ್ಲಿಗೂ ಸೇರಿರುವುದಿಲ್ಲ. ಒಳಗಿನ ಸಣ್ಣ ಲೀಕೇಜ್ ಕೂಡ ಅದಕ್ಕೆ ವೋಲ್ಟೇಜ್ ಏರಿಸುತ್ತೆ. ಇವತ್ತು ಜುಮ್ ಅನ್ನೋದು, ನಾಳೆ ಹಾಟ್ ತಂತಿ ನೇರ ಮೈಗೆ ತಗುಲಿದರೆ ಪೂರ್ತಿ 120 ವೋಲ್ಟ್. ಒಳಗಿರುವವರಿಗೆ ಏನೂ ಆಗಲ್ಲ. ಒಂದು ಕಾಲು ನೆಲದ ಮೇಲೆ, ಒಂದು ಕೈ ಬಾಗಿಲ ಮೇಲೆ ಇಟ್ಟವರಿಗೆ ಜೀವಕ್ಕೇ ಅಪಾಯ.

“ಹಾಗಾದ್ರೆ ಒಂದು ಕಬ್ಬಿಣದ ರಾಡ್ ನೆಲಕ್ಕೆ ಹೊಡೆದು ವೈರ್ ಕಟ್ಟಿದರೆ ಸಾಲದಾ?” ಅಂತ ಅಣ್ಣ ಕೇಳಿದರು. ಸಾಲದು. ರಾಡಿನಿಂದ ಮಣ್ಣಿಗೆ 25 ಓಮ್ ಅಂತ ಇಟ್ಟುಕೊಂಡರೆ 120 ಭಾಗಿಸು 25, ಅಂದರೆ 4.8 ಆಂಪಿಯರ್. 30 ಆಂಪಿಯರ್ ಬ್ರೇಕರ್ ಇದಕ್ಕೆ ಕಣ್ಣೂ ಮಿಟುಕಿಸಲ್ಲ. ಮೈ ಹಾಗೇ ಹಾಟ್ ಆಗಿರುತ್ತೆ. ಬ್ರೇಕರ್ ಬೀಳಬೇಕಾದರೆ ಫಾಲ್ಟ್ ಕರೆಂಟ್ ಮೂಲಕ್ಕೆ ವಾಪಸ್ ಹೋಗಲು ತಾಮ್ರದ ತಂತಿ ಬೇಕು. ಆ ದಾರಿ ಪೂರ್ತಿ ಅರ್ಧ ಓಮ್ ಇದ್ದರೂ 240 ಆಂಪಿಯರ್ ಹರಿದು ಬ್ರೇಕರ್ ತಟ್ಟನೆ ಬೀಳುತ್ತೆ. ಗ್ರೌಂಡ್ ಪಿನ್ ಇರೋದು ಅದಕ್ಕೆ. ಅಡಾಪ್ಟರ್ ಹಾಕೋಕೆ ಅಡ್ಡ ಆಗುತ್ತೆ ಅಂತ ಆ ಪಿನ್ ಮುರಿಯೋದು ಜೀವದ ಜೊತೆ ಆಟ.

ಇಎಂಎಸ್ ಕೂಡ ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುತ್ತೆ. ಯಾರೋ ಸಾಕೆಟ್ ಒಳಗೆ ಗ್ರೌಂಡನ್ನು ನ್ಯೂಟ್ರಲ್‌ಗೆ ಜೋಡಿಸಿ, ಹಾಟ್-ನ್ಯೂಟ್ರಲ್ ತಿರುಗಿಸಿ ಹಾಕಿದ್ದರೆ, ಅಳತೆ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತೆ, ಆದರೆ ಗಾಡಿಯ ಮೈ 120 ವೋಲ್ಟ್‌ನಲ್ಲಿರುತ್ತೆ. ಹಾಗಾಗಿ ಮುಟ್ಟದೇ ವೋಲ್ಟೇಜ್ ತೋರಿಸುವ ಪೆನ್ ಟೆಸ್ಟರ್ ಒಂದು ಜೇಬಲ್ಲಿರಲಿ. ನೆಲದ ಮೇಲೆ ನಿಂತು ಗಾಡಿಯ ಲೋಹಕ್ಕೆ ಹಿಡೀರಿ. ಕೂಗಿದರೆ ಮುಟ್ಟಬೇಡಿ, ಪೆಡೆಸ್ಟಲ್‌ನ ಬ್ರೇಕರ್ ಆಫ್ ಮಾಡಿ.

ಅಣ್ಣನಿಗೆ ನಾವು ಬರೆದು ಕಳಿಸಿದ ಪಟ್ಟಿ

1. ಪೆಡೆಸ್ಟಲ್ ಬ್ರೇಕರ್ ಆಫ್ ಇದೆಯಾ ನೋಡಿ, ಸಾಕೆಟ್ ಕಣ್ಣಾರೆ ಪರೀಕ್ಷಿಸಿ.
2. ಮೊದಲು ಬರೀ ಇಎಂಎಸ್ ಸಿಕ್ಕಿಸಿ, ಬ್ರೇಕರ್ ಆನ್ ಮಾಡಿ, ಡಿಸ್‌ಪ್ಲೇ ಓದಿ.
3. ಸರಿ ಇದ್ದರೆ ಬ್ರೇಕರ್ ಆಫ್ ಮಾಡಿ, ಗಾಡಿಯ ಕೇಬಲ್ ಜೋಡಿಸಿ, ಆಮೇಲೆ ಆನ್ ಮಾಡಿ.
4. ಪೆನ್ ಟೆಸ್ಟರ್ ಮೈಗೆ ಹಿಡಿದು ನೋಡಿ.
5. ಅರ್ಧ ಗಂಟೆ ಆದಮೇಲೆ ಬ್ರೇಕರ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ, ಸುಡುತ್ತಿದ್ದರೆ ಲೋಡ್ ಇಳಿಸಿ, ಜಾಗ ಬದಲಿಸಿ.
6. ಹೊರಡುವಾಗ ಮೊದಲು ಏಸಿ, ಹೀಟರ್ ಆಫ್, ಆಮೇಲೆ ಬ್ರೇಕರ್ ಆಫ್, ಕೊನೆಗೆ ಪ್ಲಗ್.
7. ಗೆಳೆಯರ ಮನೆ ಮುಂದೆ ಗಾಡಿ ನಿಲ್ಲಿಸಿ, 30 ಆಂಪಿಯರ್ ಸಾಕೆಟ್ ಹಾಕಿಸಿದರೆ ಅದು 120 ವೋಲ್ಟೇ ಅಂತ ಅಳೆದು ನೋಡಿ. ಬಟ್ಟೆ ಒಣಗಿಸುವ ಡ್ರೈಯರ್‌ಗೂ 30 ಆಂಪಿಯರ್ ಸಾಕೆಟ್ ಇರುತ್ತೆ, ಆದರೆ ಅದು 240. ಆರ್‌ವಿ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಹಾಗೇ ವೈರಿಂಗ್ ಮಾಡಿಬಿಡೋದುಂಟು.

ಅಣ್ಣ ಈ ಲೆಕ್ಕವನ್ನೆಲ್ಲ ಇಂಗ್ಲಿಷಿಗೆ ಮಾಡಿ ಬಾಡಿಗೆಯವರಿಗೆ ಕಳಿಸಿದ್ದಾರೆ. ಡೆಪಾಸಿಟ್ ಇನ್ನೂ ಬಂದಿಲ್ಲ. ಆದರೆ ಇಎಂಎಸ್ ಕೊಂಡಿದ್ದಾರೆ, ಕೆಲವು ನೂರು ಡಾಲರ್ ಆಯ್ತಂತೆ. ಪೆನ್ ಟೆಸ್ಟರನ್ನು ಮಾತ್ರ ಜುಮ್ ಅನ್ನಿಸಿಕೊಂಡ ಗೆಳೆಯನೇ ಕೊಡಿಸಿದನಂತೆ.

ನಾವೂ ಸುಮ್ಮನೆ ಕೂರಲಿಲ್ಲ. ರಾಜ್ಯೋತ್ಸವದ ಸ್ಟೇಜಿಗೆ ಜನರೇಟರ್ ಬಂದಾಗ, ಆಂಪ್ಲಿಫೈಯರ್ ಸಿಕ್ಕಿಸೋ ಮೊದಲು ಮಲ್ಟಿಮೀಟರ್ ಹಿಡಿದು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆಯೋದು ಅಂತ ಈ ಸಲ ತೀರ್ಮಾನ ಮಾಡಿದ್ದೇವೆ. ನಿಮ್ಮೂರಲ್ಲಿ ನ್ಯೂಟ್ರಲ್ ಹೋಗಿ ಏನಾದರೂ ಸುಟ್ಟಿದ್ದರೆ, ಯಾವುದು ಸುಟ್ಟಿತು, ಯಾವುದು ಉಳೀತು ಅಂತ ಬರೆದು ಕಳಿಸಿ. ಕೂತು ಲೆಕ್ಕ ಹಾಕೋಣ.